ಎಡೆಗೆ ಹೋದ ಮೇಣದ ಕಜ್ಜಾಯ

ಕಜ್ಜಾಯದ ನಡುವೆ ಒಂದು ಸಣ್ಣ ತಗ್ಗು ಇರುತ್ತದೆ. ಹಿಟ್ಟು ತಟ್ಟುವಾಗ ಬೆರಳಿನಿಂದ ಒತ್ತಿ ಎಣ್ಣೆಗೆ ಬಿಟ್ಟರೆ ಅಂಚು ಉಬ್ಬುತ್ತದೆ, ನಡು ಹಾಗೇ ಉಳಿಯುತ್ತದೆ. ಮೇಣದಲ್ಲಿ ಆ ತಗ್ಗನ್ನು ತರಲು ನನಗೆ ಇಡೀ ಒಂದು ಮಳೆಗಾಲ ಹಿಡಿಯಿತು. ಅಚ್ಚಿನಲ್ಲಿ ಹೊಯ್ದರೆ ಸಾಬೂನಿನ ಬಿಲ್ಲೆಯ ಹಾಗೆ ನುಣ್ಣಗೆ ಬರುತ್ತಿತ್ತು. ಕೊನೆಗೆ ಅಚ್ಚನ್ನು ಬಿಸಾಡಿ, ಮೇಣ ಅರೆಬಿಸಿ ಇರುವಾಗಲೇ ಅಂಗೈಯಲ್ಲಿ ತಟ್ಟಿ, ನಿಜ ಹಿಟ್ಟಿಗೆ ಒತ್ತುವ ಹಾಗೆಯೇ ಹೆಬ್ಬೆರಳಿನಿಂದ ಒತ್ತಿದೆ. ಅಂಗೈ ಸುಟ್ಟುಕೊಂಡರೂ ತಗ್ಗು ಬಂತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಗಂಡನ ಮನೆ ಬಿಟ್ಟು ಬಂದ ಮೇಲೆ ನಾನು ತಾಳವಾಡಿಯಲ್ಲಿ ಅಣ್ಣನ ಜೊತೆ ಇದ್ದೆ. ಅಣ್ಣ ಮ್ಯಾಜಿಕ್ ಮಾಡುತ್ತಿದ್ದ. ನಮ್ಮದು ನಾಲ್ಕು ಜನರ ತಂಡ: ಅಣ್ಣ, ಒಬ್ಬ ಡೋಲಕ್ಕಿನವನು, ಒಬ್ಬ ಗಾಡಿಯವನು, ನಾನು. ಉಳಿದ ದಿನ ನಮ್ಮನ್ನು ಯಾರು ಕರೆಯುತ್ತಾರೆ? ಹಬ್ಬ ಬಂದರೆ ಮಾತ್ರ ಬೆಟ್ಟದ ಊರುಗಳಿಂದ ಕರೆ ಬರುತ್ತಿತ್ತು. ಅದಕ್ಕೇ ಅಣ್ಣ ಹಬ್ಬಕ್ಕೊಂದು ಆಟ ಕಟ್ಟಿದ್ದ. ಸಂಕ್ರಾಂತಿಗೆ ಖಾಲಿ ಸೇರಿನಿಂದ ಎಳ್ಳುಬೆಲ್ಲ, ಗಣೇಶನ ಹಬ್ಬಕ್ಕೆ ಬರಿಗೈಯಿಂದ ಕಡುಬು, ಯುಗಾದಿಗೆ ಹರಿದ ಕಾಗದದಿಂದ ಒಬ್ಬಟ್ಟು. ಆ ತಿಂಡಿಗಳೆಲ್ಲ ನನ್ನ ಕೈಯಲ್ಲಿ ತಯಾರಾಗುತ್ತಿದ್ದವು, ಒಂದನ್ನೂ ತಿನ್ನಲು ಬರುತ್ತಿರಲಿಲ್ಲ. ಊಟಕ್ಕಿಲ್ಲದ ಉಪ್ಪಿನಕಾಯಿ ಅಂತ ಡೋಲಕ್ಕಿನವನು ಚುಡಾಯಿಸುತ್ತಿದ್ದ.

ನಿಜವಾದ ತಿಂಡಿ ಈ ಕೆಲಸಕ್ಕೆ ಆಗಿಬರುವುದಿಲ್ಲ. ಒಬ್ಬಟ್ಟು ಜಿಡ್ಡು ಬಿಟ್ಟು ಬಟ್ಟೆ ಹಾಳು ಮಾಡುತ್ತದೆ. ವಡೆಯನ್ನು ಮುಷ್ಟಿಯಲ್ಲಿ ಅಡಗಿಸಿದರೆ ಪುಡಿಯಾಗುತ್ತದೆ. ಮೂರನೆಯ ದಿನ ಎಲ್ಲವೂ ಕಮಟು ವಾಸನೆ ಹೊಡೆಯುತ್ತವೆ.

ಹಿರಿಯರ ಹಬ್ಬದಿಂದ ದೀಪಾವಳಿಯವರೆಗೆ ನಡೆಸುತ್ತಿದ್ದದ್ದು ಎಡೆ ಆಟ. ಮಣೆಯ ಮೇಲೆ ಬರಿದಾದ ಬಾಳೆಲೆ ಹಾಸಿರುತ್ತಿತ್ತು. ಅಣ್ಣ ಒಂದು ದೊಡ್ಡ ಬಿದಿರಿನ ಮಂಕರಿಯ ಒಳಗು ಹೊರಗು ತೋರಿಸಿ, ಎಲೆಯ ಮೇಲೆ ಬೋರಲು ಹಾಕಿ, ಎರಡು ಮಾತಾಡಿ ಎತ್ತುತ್ತಿದ್ದ. ಎಲೆಯ ತುಂಬ ಹಬ್ಬದಡುಗೆ. ಗುಟ್ಟು ಇಷ್ಟೇ: ಮಂಕರಿಯ ತಳದಲ್ಲಿ, ಬಿದಿರಿನದೇ ಬಣ್ಣ ಬಳಿದ ಬಟ್ಟೆಯ ಹಿಂದೆ, ಇನ್ನೊಂದು ಎಲೆ ಮಡಿಸಿಕೊಂಡು ಕೊಕ್ಕೆಗೆ ನೇತಾಡುತ್ತಿತ್ತು. ಮೇಣಬಟ್ಟೆಯಲ್ಲಿ ಕತ್ತರಿಸಿ ಹಸಿರು ಬಳಿದ ಎಲೆ ಅದು. ಅಡುಗೆಯೆಲ್ಲ ಅದಕ್ಕೆ ಅಂಟಿಸಿತ್ತು. ಪರದೆಯ ಹಿಂದಿನಿಂದ ನಾನು ದಾರ ಎಳೆದರೆ ಬಿದ್ದು ಬಿಚ್ಚಿಕೊಳ್ಳುತ್ತಿತ್ತು. ಅನ್ನದ ರಾಶಿ ಎಂದರೆ ಕಾಗದದ ಗೋಪುರದ ಮೇಲೆ ಗೋಂದು ಹಚ್ಚಿ ಅಂಟಿಸಿದ ಒಂದೇ ಪದರ ಅನ್ನದ ಅಗುಳು. ವಡೆ ಎಂದರೆ ಹಳೆಯ ಬಸ್ಸಿನ ಸೀಟಿನ ಸ್ಪಂಜು, ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದ್ದು. ಎಲ್ಲವೂ ಹಗುರವಾದ್ದರಿಂದ ಮೊದಮೊದಲು ಎಲೆ ಪೂರಾ ಬಿಚ್ಚಿಕೊಳ್ಳದೆ ಮುದುಡಿ ನಿಲ್ಲುತ್ತಿತ್ತು. ತೂಕ ಬೇಕಿತ್ತು. ಮೂರು ಮೇಣದ ಕಜ್ಜಾಯ ಬಂದದ್ದು ಅದಕ್ಕೇ. ಅವನ್ನು ಅಂಟಿಸದೆ, ಗಾಡಿಯಲ್ಲಿ ಒಯ್ಯುವಾಗ ಬಿಡಿಸಿಡಲು ಅನುಕೂಲವಾಗಲೆಂದು ಸಣ್ಣ ಮುಳ್ಳುಗಳಿಗೆ ಸಿಕ್ಕಿಸುತ್ತಿದ್ದೆ.

ಆ ವರ್ಷ ಮೊದಲ ಸಲ ಹಾಸನೂರಿಗೆ ಹೋಗುವಷ್ಟರಲ್ಲಿ ಬಿಸಿಲಿಗೆ ಮೂರೂ ಕರಗಿ ದೋಸೆಯಾದವು. ಕಾಡಿನಿಂದ ಜೇನು ತರುವವರ ಹತ್ತಿರ ಗಟ್ಟಿ ಮೇಣ ಕೇಳಿ ತಂದು, ಅದಕ್ಕೆ ರಾಳ ಬೆರೆಸಿ ಮತ್ತೆ ಮಾಡಿದೆ. ಮುಂದಿನ ಸಾಲಿನವರಿಗೆ ಪರಿಮಳ ಬರಲೆಂದು ತುಪ್ಪ, ಏಲಕ್ಕಿ ಸವರಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಇಲಿ ಎರಡನ್ನು ಕೆರೆದು ಹಾಕಿತ್ತು. ಅಂದಿನಿಂದ ತುಪ್ಪವನ್ನು ಮಂಕರಿಯ ಅಂಚಿಗೆ ಮಾತ್ರ ಸವರಿದೆ, ಕಜ್ಜಾಯಕ್ಕೆ ಸೋಕಿಸಲಿಲ್ಲ. ಬೆಲ್ಲದ ಕಂದು ಬರಲು ಸುಟ್ಟ ಸಕ್ಕರೆಯ ಬಣ್ಣ ಬಳಿದು, ಮೇಲೆ ನಿಜವಾದ ಗಸಗಸೆಯನ್ನು ಒಂದೊಂದೇ ಕಾಳು ಒತ್ತಿದೆ. ಕೊನೆಗೆ ಅವು ಎಷ್ಟು ಚೆನ್ನಾಗಿ ಬಂದವೆಂದರೆ ಗಾಡಿಯವನು ಒಂದನ್ನು ಕಚ್ಚಿಯೇಬಿಟ್ಟ. ಅವನ ಹಲ್ಲಿಗಿಂತ ನನಗೆ ಕಜ್ಜಾಯದ ಚಿಂತೆ, ಅದನ್ನು ಕರಗಿಸಿ ಮತ್ತೆ ಮಾಡಿದೆ. ನನಗೆ ಆಗ ಜಂಬ ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಈ ಆಟಕ್ಕೆ ಅಣ್ಣ ಆಡುತ್ತಿದ್ದ ಮಾತು ಮೊದಲು ಬೇರೆ ಇತ್ತು. ಆ ವರ್ಷ ಅದನ್ನು ಬದಲಾಯಿಸಿದ. ಹಿರಿಯರ ಹಬ್ಬದ ಅಮಾವಾಸ್ಯೆಗೆ ಈ ಕಡೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡುತ್ತಾರೆ. ಆಮೇಲೆ ಅದರಲ್ಲಿ ಒಂದು ಪಾಲನ್ನು ಹಿತ್ತಲಲ್ಲಿ ಎಲೆಯ ಮೇಲಿಟ್ಟು ಕಾಗೆಗೆ ಕಾಯುತ್ತಾರೆ. ಕಾಗೆ ಬಾಯಿಟ್ಟರೆ ಸತ್ತವರು ಒಪ್ಪಿಕೊಂಡರು, ಇಡದಿದ್ದರೆ ಮುನಿಸು. ಅಣ್ಣ ಜನರ ನಡುವಿನಿಂದ ಯಾರನ್ನಾದರೂ ಎಬ್ಬಿಸಿ, ತೀರಿಕೊಂಡವರು ಯಾರು, ಅವರಿಗೆ ಏನಿಷ್ಟ ಎಂದು ಕೇಳಿ, ಮಂಕರಿ ಎತ್ತಿ ಅದನ್ನೇ ತೋರಿಸುತ್ತಿದ್ದ. ಹತ್ತರಲ್ಲಿ ಒಂಬತ್ತು ಜನ ಕಜ್ಜಾಯ ಅನ್ನುತ್ತಿದ್ದರು. ಉಳಿದವರು ವಡೆ. ಎರಡೂ ಎಲೆಯಲ್ಲಿ ಇದ್ದವು. ಸತ್ತವರನ್ನು ಆಟಕ್ಕೆ ಎಳೆಯಬೇಡ ಎಂದು ನಾನು ಒಂದು ಸಲ ಅಂದೆ. ಚಪ್ಪಾಳೆ ನೋಡಿ ನಾನೂ ಸುಮ್ಮನಾದೆ.

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ತಿಗನಾರೆಯ ಶಾಲೆಯ ಅಂಗಳದಲ್ಲಿ ಆಟ. ಅಣ್ಣ ಎಬ್ಬಿಸಿದ್ದು ಮೂವತ್ತು ದಾಟಿದ ಒಬ್ಬ ಹೆಂಗಸನ್ನು. ತೀರಿಕೊಂಡದ್ದು ಗಂಡ. ಹಿಂದಿನ ವರ್ಷ ರಾಗಿ ಹೊಲ ಕಾಯಲು ಹೋಗಿ ಆನೆಯ ಕಾಲಿಗೆ ಸಿಕ್ಕಿದ್ದ. ಇಷ್ಟವಾದದ್ದು ಏನು ಎಂದು ಕೇಳಿದಾಗ ಅವಳು ಮೊದಲು ಮಣೆಯ ಮೇಲಿನ ಬರಿ ಎಲೆಯನ್ನು ನೋಡಿದಳು. ಆಮೇಲೆ ಕಜ್ಜಾಯ ಅಂದಳು. ಮಂಕರಿ ಎತ್ತಿದಾಗ ಜನ ಕೂಗಿದರು, ಅವಳು ಮಾತ್ರ ಮುಂದೆ ಬಂದು ಸೆರಗೊಡ್ಡಿ ನಿಂತಳು.

ಹಾಗೆ ಯಾರೂ ಮಾಡಿರಲಿಲ್ಲ. ಎಡೆಯ ಪ್ರಸಾದ ಬೇಡಿದವರಿಗೆ ಇಲ್ಲ ಅನ್ನುವ ಹಾಗಿಲ್ಲ, ಕೊಟ್ಟರೆ ಅವಳು ಕಚ್ಚುತ್ತಾಳೆ. ನಾನು ಪರದೆಯ ಹಿಂದೆ ದಾರ ಹಿಡಿದೇ ನೋಡುತ್ತಿದ್ದೆ. ಅಣ್ಣ ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡುವಿನ ಕಜ್ಜಾಯವನ್ನು ಮುಳ್ಳಿನಿಂದ ಬಿಡಿಸಿ ಅವಳ ಸೆರಗಿಗೆ ಹಾಕಿದ.

“ನೀ ತಿನ್ಬ್ಯಾಡ ಕಣವ್ವ. ನಾಳಿಕೆ ಅವ್ನಿಗೇ ಇಡು,” ಅಂದ.

ಜನ ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. ಗಾಡಿಯಲ್ಲಿ ಹಿಂದಿರುಗುವಾಗ ಡೋಲಕ್ಕಿನವನು ಅಣ್ಣನ ಸಮಯಸ್ಫೂರ್ತಿಯನ್ನು ಹೊಗಳಿದ್ದೇ ಹೊಗಳಿದ್ದು. ನಾನು ಸಿಡುಕಿಕೊಂಡೇ ಇದ್ದೆ. ಮೂರರಲ್ಲಿ ಒಂದು ಹೋಯಿತು, ಮತ್ತೆ ಮೇಣ ಕಾಸಬೇಕು, ಮತ್ತೆ ಗಸಗಸೆ ಒತ್ತಬೇಕು ಅನ್ನುವುದೇ ನನ್ನ ದುಃಖ. ಆ ಹೆಂಗಸು ಅದನ್ನು ಒಯ್ದು ಏನು ಮಾಡುತ್ತಾಳೆಂದು ನಮ್ಮಲ್ಲಿ ಒಬ್ಬರೂ ಯೋಚಿಸಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಎಂಟು ದಿನ ಬಿಟ್ಟು ಹಾಸನೂರಿನ ಕಡೆಯ ಆಟಗಳನ್ನು ಮುಗಿಸಿ ಅದೇ ದಾರಿಯಲ್ಲಿ ಬರುತ್ತಿದ್ದೆವು. ತಿಗನಾರೆಯ ಬಾವಿಯ ಹತ್ತಿರ ಎತ್ತಿಗೆ ನೀರು ಕುಡಿಸುವಾಗ ಒಬ್ಬಳು ಕೊಡ ಇಳಿಸಿ ಅಣ್ಣನ ಎದುರು ಬಂದು ಕೈ ಮುಗಿದಳು. ತಾನು ಆ ಹೆಂಗಸಿನ ನಾದಿನಿ ಅಂದಳು.

“ಕಾಗೆ ಅನ್ನ ಮುಟ್ತು, ವಡೆ ಮುಟ್ತು, ನೀವು ಕೊಟ್ಟ ಕಜ್ಜಾಯ ಮಾತ್ರ ಮುಟ್ನಿಲ್ಲ ಕಣಣ್ಣ. ನಮ್ಮಣ್ಣ ಮುನುಸ್ಕಂಡವ್ನೆ ಅಂತ ಅತ್ಗೆ ಕುಂತ್ಬುಟ್ಟವ್ಳೆ.”

ಆಮೇಲೆ ಎಲ್ಲವನ್ನೂ ಹೇಳಿದಳು. ಅಮಾವಾಸ್ಯೆ ಕಳೆದರೂ ಅತ್ತಿಗೆ ದಿನಾ ಬೆಳಿಗ್ಗೆ ಅದೇ ಕಜ್ಜಾಯವನ್ನು ಎಲೆಯ ಮೇಲಿಟ್ಟು ಹಿತ್ತಲಲ್ಲಿ ಕಾಯುತ್ತಾಳೆ, ಹೊತ್ತು ಇಳಿದ ಮೇಲೆ ಒಳಗೆ ತಂದಿಡುತ್ತಾಳೆ. ಒಂದು ಲೋಟ ಅಂಬಲಿ ಬಿಟ್ಟರೆ ಏನೂ ಮುಟ್ಟುವುದಿಲ್ಲ. ಬೇರೆ ಕಜ್ಜಾಯ ಸುಟ್ಟು ಇಡು ಅಂದರೆ ಕೇಳುವುದಿಲ್ಲ, ಅವನೇ ಕಳಿಸಿಕೊಟ್ಟದ್ದು ಇರುವಾಗ ಬೇರೆಯದು ಯಾಕೆ ಅನ್ನುತ್ತಾಳೆ. ಅವನು ಸತ್ತ ಮೇಲೆ ಆ ಮನೆಯಲ್ಲಿ ಕಜ್ಜಾಯಕ್ಕೆ ಬಾಣಲೆಯನ್ನೇ ಇಟ್ಟಿಲ್ಲವಂತೆ. ನಾದಿನಿ ಬಂದದ್ದು ಬೈಯಲು ಅಲ್ಲ. ಮಂತ್ರ ಬಲ್ಲವರು ನೀವು, ಕಾಗೆ ಬರುವ ಹಾಗೆ ಏನಾದರೂ ಮಾಡಿ ಎಂದು ಬೇಡಲು. ಅಣ್ಣ ನಾಳೆ ತಂಗಿಯನ್ನು ಕಳಿಸುತ್ತೇನೆ ಎಂದು ಮಾತು ಕೊಟ್ಟ.

ಊರು ದಾಟಿದ ಮೇಲೆ ನಾನು ನಿಜ ಹೇಳಿಬಿಡೋಣ ಅಂದೆ. ಅಣ್ಣನಿಗೆ ಸಿಟ್ಟು ಬಂತು. ಒಂದು ಊರಿಗೆ ಗೊತ್ತಾದರೆ ಸಂತೆಯ ದಿನಕ್ಕೆ ಬೆಟ್ಟಕ್ಕೆಲ್ಲ ಗೊತ್ತಾಗುತ್ತದೆ. ದೀಪಾವಳಿ ಕಳೆದು ಗುಮಟಾಪುರದಲ್ಲಿ ಸಗಣಿ ಎರಚಾಡುವ ಹಬ್ಬಕ್ಕೆ ಸೇರುವ ಜನವೇ ನಮ್ಮ ವರ್ಷದ ಅನ್ನ. ಗುಟ್ಟು ಹೊರಗೆ ಬಿಡುವುದಿಲ್ಲವೆಂದು ಮ್ಯಾಜಿಕ್ ಕಲಿಸಿದ ಗುರುವಿಗೆ ಮಾತು ಕೊಟ್ಟಿದ್ದೇನೆ. ಹೀಗೆಲ್ಲ ಹೇಳಿ, ಆಮೇಲೆ ಮೆಲ್ಲಗೆ ಅಂದ: “ನೀ ಒಂದು ನಿಜವಾದ್ದ ಸುಟ್ಟು, ತಕಂಡೋಗಿ ಬದ್ಲಾಯ್ಸ್ಬುಡು. ಕಾಗೆ ತಿಂತದೆ, ಅವ್ಳ ಜೀವ ತಣ್ಗಾಯ್ತದೆ.”

ಯಾರಿಗೂ ನೋವಾಗದ ದಾರಿ ಅನ್ನಿಸಿತು. ನಾನು ಒಪ್ಪಿದೆ.

ಕಜ್ಜಾಯದ ಪಾಕದ ಹಿಟ್ಟು ಒಂದೆರಡು ದಿನ ನೆನೆಯಬೇಕು. ನಮಗೆ ಅಷ್ಟು ಹೊತ್ತು ಇರಲಿಲ್ಲ. ತಾಳವಾಡಿಯಲ್ಲಿ ನಮ್ಮ ಪಕ್ಕದ ಮನೆಯವರು ಆಯುಧಪೂಜೆಗೆಂದು ಕಲಸಿಟ್ಟಿದ್ದ ಹಿಟ್ಟಿನಲ್ಲಿ ಒಂದು ದೊಡ್ಡ ಮುದ್ದೆ ಕೇಳಿ ತಂದೆ. ಉಳಿದಿದ್ದ ಎರಡು ಮೇಣದ ಕಜ್ಜಾಯಗಳನ್ನು ಒಲೆಯ ಪಕ್ಕದಲ್ಲಿಟ್ಟುಕೊಂಡು ಕೂತೆ. ಇಷ್ಟು ದಿನ ನಿಜದ್ದನ್ನು ನೋಡಿ ಸುಳ್ಳನ್ನು ಮಾಡಿದವಳು ಈಗ ಸುಳ್ಳನ್ನು ನೋಡಿ ನಿಜದ್ದನ್ನು ಮಾಡಬೇಕಾಗಿತ್ತು. ಮೊದಲನೆಯದು ಕಪ್ಪಾಯಿತು. ಎರಡನೆಯದು ಪೂರಿಯ ಹಾಗೆ ಉಬ್ಬಿತು. ನನ್ನ ಮೇಣದ ಕಜ್ಜಾಯದ ಅಂಚು ಎಲ್ಲ ಕಡೆ ಒಂದೇ ದಪ್ಪ, ಎಣ್ಣೆಯಲ್ಲಿ ಬೆಂದದ್ದು ಹಾಗೆ ಬರುವುದಿಲ್ಲ. ಉರಿ ತಗ್ಗಿಸಿ, ಸೌಟಿನಲ್ಲಿ ಒತ್ತಿ ಹಿಡಿದು, ಏಳನೆಯದು ಒಪ್ಪುವ ಹಾಗೆ ಬಂತು. ಅದನ್ನು ಬಟ್ಟೆಯಲ್ಲಿ ಅಮುಕಿ ಎಣ್ಣೆ ತೆಗೆದು, ಎಂಟು ದಿನದ ಧೂಳು ಹಿಡಿದ ಹಾಗೆ ಕಾಣಲೆಂದು ಸ್ವಲ್ಪ ಹಿಟ್ಟು ಉದುರಿಸಿದೆ. ಆಮೇಲೆ ಬದಲಾಯಿಸುವ ಅಭ್ಯಾಸ: ನಿಜದ್ದು ಎಡ ಅಂಗೈಯಲ್ಲಿ ಸೆರಗಿನ ಕೆಳಗೆ, ಬಲಗೈ ಎಲೆ ಸರಿಪಡಿಸುವ ನೆವದಲ್ಲಿ ಮೇಣದ್ದನ್ನು ಎತ್ತುವುದು, ಎರಡು ಕೈ ಒಂದು ಕ್ಷಣ ಕೂಡುವುದು. ನೂರು ಸಲ ಮಾಡಿದ ಕೆಲಸ.

ಮರುದಿನ ಬೆಳಿಗ್ಗೆ ಗಾಡಿಯವನ ಜೊತೆ ಹೋದೆ. ನಾದಿನಿ ನನ್ನನ್ನು ಹಿತ್ತಲಿಗೆ ಬಿಟ್ಟು ಕೆಲಸಕ್ಕೆ ಹೋದಳು. ಹೊಂಗೆಯ ಮರದ ಕೆಳಗೆ ಕಲ್ಲಿನ ಮೇಲೆ ಮುತ್ತುಗದ ಎಲೆ, ಎಲೆಯ ಮೇಲೆ ನನ್ನ ಕಜ್ಜಾಯ. ಆ ಹೆಂಗಸು ಸ್ವಲ್ಪ ದೂರದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಸೊರಗಿಹೋಗಿದ್ದಳು. ಆಟದವರ ತಂಗಿ ಅಂದ ಕೂಡಲೇ ಎದ್ದು ಚಾಪೆ ಹಾಸಿದಳು. ನಾನು ಎಲೆಯ ಪಕ್ಕದಲ್ಲೇ ಕೂರುವ ಹಾಗೆ ನೋಡಿಕೊಂಡೆ.

ಕೇಳದೆಯೇ ಹೇಳತೊಡಗಿದಳು. ಹೋದ ವರ್ಷ ಹಬ್ಬಕ್ಕೆ ಮೂರು ದಿನ ಮುಂಚೆ ಅವಳು ಹಿಟ್ಟು ಕಲಸಿಟ್ಟಿದ್ದಳು. ಸಂಜೆ ಹೊಲದ ಅಟ್ಟಣೆಗೆ ಹೊರಟವನು ಎರಡು ಕಜ್ಜಾಯ ಸುಟ್ಟುಕೊಡು, ಅಲ್ಲಿ ಕೂತು ತಿನ್ನುತ್ತೇನೆ ಅಂದ. ಹಬ್ಬದ ಹಿಟ್ಟನ್ನು ಹಿರಿಯರಿಗೆ ಇಡುವ ಮೊದಲು ಯಾರೂ ಎಂಜಲು ಮಾಡುವುದಿಲ್ಲ. ಅವಳು ಕೊಡಲಿಲ್ಲ, ನಾಲಗೆ ಇಷ್ಟುದ್ದ ಚಾಚಬೇಡ ಎಂದು ಗದರಿದಳು. ಅವನು ಕಂಬಳಿ ಹೊದ್ದು ಹೋದ.

“ಇರೀಕರ್ಗೆ ಇಟ್ಮೇಲೆ ತಿನ್ನು ಅಂದೆ ಕಣಕ್ಕ. ಅಬ್ಬ ಬರೋ ಒತ್ಗೆ ಅವ್ನೇ ಇರೀಕ ಆಗೋದ,” ಅಂದಳು.

ಇದನ್ನು ಹೇಳುವಾಗ ಅವಳು ಅಳಲಿಲ್ಲ. ಎಷ್ಟೋ ಸಲ ಅವಳು ತನಗೆ ತಾನೇ ಹೇಳಿಕೊಂಡ ಮಾತು ಅದು ಅನ್ನಿಸಿತು. ಬಿಸಿಲಲ್ಲಿ ಬಂದಿದ್ದೀಯ ಎಂದು ನನಗೆ ಮಜ್ಜಿಗೆ ತರಲು ಒಳಗೆ ಹೋದಳು.

ನನಗೆ ಅಷ್ಟು ಹೊತ್ತು ಸಾಕಾಗಿತ್ತು. ಎಲೆ ಒಂದು ಮೊಳ ದೂರದಲ್ಲಿತ್ತು, ನೋಡುವವರು ಯಾರೂ ಇರಲಿಲ್ಲ. ಮೇಣದ ಕಜ್ಜಾಯವನ್ನು ಎತ್ತಿಕೊಂಡೆ. ಎಡಗೈಯಲ್ಲಿದ್ದದ್ದನ್ನು ಇಡಲು ಮಾತ್ರ ಆಗಲಿಲ್ಲ. ಇಟ್ಟರೆ ಕಾಗೆ ತಿನ್ನುತ್ತಿತ್ತು, ಇವಳು ಉಣ್ಣುತ್ತಿದ್ದಳು, ಅಣ್ಣ ಹೇಳಿದ್ದು ಸರಿಯಾಗುತ್ತಿತ್ತು. ಆದರೆ ಇವಳು ಸಾಯುವವರೆಗೆ ಗಂಡನ ಕ್ಷಮೆ ಎಂದು ನಂಬುವುದು ನನ್ನ ಏಳನೆಯ ಕಜ್ಜಾಯವನ್ನು. ಒಂದು ಸಲ ಗೊತ್ತಿಲ್ಲದೆ ಮೋಸ ಮಾಡಿದ್ದೆವು. ಈಗ ಗೊತ್ತಿದ್ದೂ ಮಾಡುವುದು ಹೇಗೆ? ಅವಳು ಹೊರಗೆ ಬಂದಾಗ ನನ್ನ ಎರಡೂ ಕೈಯಲ್ಲಿ ಒಂದೊಂದು ಕಜ್ಜಾಯ ಇತ್ತು.

ಹೇಳಿಬಿಟ್ಟೆ. ಇದು ತಿನ್ನುವ ವಸ್ತುವಲ್ಲ, ಮೇಣ, ನಾನೇ ಮಾಡಿದ್ದು, ಕಾಗೆ ಮುಟ್ಟದೇ ಇದ್ದದ್ದು ಅದಕ್ಕೆ, ನಿನ್ನ ಗಂಡನಿಗೆ ಯಾವ ಮುನಿಸೂ ಇಲ್ಲ ಅಂದೆ. ಅವಳು ನಂಬಲಿಲ್ಲ. ಕಜ್ಜಾಯ ಮಗುಚಿ ತಳವನ್ನು ಉಗುರಿನಿಂದ ಕೆರೆದು ತೋರಿಸಿದೆ. ಹಳದಿ ಮೇಣ ಸುರುಳಿಯಾಗಿ ಎದ್ದು ಬಂತು. ಅವಳು ಆ ಸುರುಳಿಯನ್ನು ಬೆರಳಲ್ಲಿ ಹೊಸಕಿ ಮೂಸಿ ನೋಡಿದಳು. ಅವಳ ಮುಖ ಹಗುರಾಗುತ್ತದೆ ಎಂದು ನಾನು ಕಾದಿದ್ದೆ. ಹಾಗಾಗಲಿಲ್ಲ.

“ಬದ್ಕಿದ್ದಾಗ ಇಲ್ಲ ಅಂದೆ,” ಅಂದಳು. “ಸತ್ಮೇಲೆ ಮೇಣ ಇಟ್ಟೆ.”

ಇದು ನಿಜವಾದದ್ದು, ನಿನ್ನೆ ಸುಟ್ಟದ್ದು, ಇದನ್ನು ಇಡು ಎಂದು ಇನ್ನೊಂದು ಕೈ ಚಾಚಿದೆ. ಅವಳು ಅದನ್ನು ಮುಟ್ಟಲಿಲ್ಲ.

“ಅದು ನೀ ಮಾಡಿದ್ದು ಕಣಕ್ಕ. ಅವ್ನು ಕೇಳಿದ್ದು ನನ್ನ.”

ಆಮೇಲೆ ಮಜ್ಜಿಗೆಯ ಲೋಟವನ್ನು ನನ್ನ ಮುಂದಿಟ್ಟು ಒಳಗೆ ಹೋದಳು. ಮೊರದಲ್ಲಿ ಅಕ್ಕಿ ತಂದು ಕಲ್ಲು ಆರಿಸತೊಡಗಿದಳು, ಪಾತ್ರೆಗೆ ಸುರಿದು ನೀರು ಹೊಯ್ದಳು. ಕಜ್ಜಾಯಕ್ಕೆ ಅಕ್ಕಿ ನೆನೆಸುವುದು ಹಾಗೆಯೇ. ಅಮಾವಾಸ್ಯೆ ಕಳೆದುಹೋಯಿತಲ್ಲ ಎಂದು ಬಾಯಿಗೆ ಬಂದರೂ ನುಂಗಿಕೊಂಡೆ. ಅವಳಿಗೂ ಗೊತ್ತಿತ್ತು. ಎಡೆ ಇಡಲು ಇನ್ನೊಂದು ವರ್ಷ ಕಾಯಬೇಕು. ಇಂದು ಉಣ್ಣುತ್ತೀಯಾ ಎಂದು ಕೇಳಿದೆ. ನಾದಿನಿ ಬರಲಿ ಅಂದಳು. ಬೈದಿದ್ದರೆ ಚೆನ್ನಾಗಿತ್ತು, ಅದನ್ನೂ ಮಾಡಲಿಲ್ಲ. ಹೊರಡುವಾಗ ಮೇಣದ ಕಜ್ಜಾಯ ಚಾಪೆಯ ಮೇಲೆ ಬಿದ್ದಿತ್ತು. ಅದನ್ನು ಎತ್ತಿ ನನ್ನ ಕೈಗೆ ಕೊಟ್ಟು, ಊರಲ್ಲಿ ಯಾರಿಗೂ ಹೇಳುವುದಿಲ್ಲ, ನಿಮ್ಮ ಹೊಟ್ಟೆಪಾಡು ನಿಮಗೆ ಅಂದಳು. ಆ ಮಾತನ್ನು ಅವಳು ಉಳಿಸಿಕೊಂಡಳು ಕೂಡ.

ಗಾಡಿ ಊರಾಚೆಯ ದಿಬ್ಬ ಹತ್ತುವಾಗ ಕಜ್ಜಾಯವನ್ನು ನೋಡಿದೆ. ಮತ್ತೆ ಬಳಸಬಹುದೇ ಎಂದು ನೋಡಿದ್ದು, ಕೆಲಸದವಳ ಬುದ್ಧಿ. ಗಸಗಸೆ ಎಲ್ಲ ಇದ್ದ ಜಾಗದಲ್ಲೇ ಇತ್ತು. ಅಂಚಿನಲ್ಲಿ ಒಂದು ಕಡೆ ಮಾತ್ರ ನಾನು ಮಾಡದ ಗುರುತು. ಉಗುರಿನದಲ್ಲ, ಉಗುರು ಕೆರೆದರೆ ಮೇಣ ಸುರುಳಿ ಏಳುತ್ತದೆ. ಇಲಿಯದಲ್ಲ, ಇಲಿಯ ಹಲ್ಲು ಎರಡು ಸಣ್ಣ ಗೀರು ಬಿಡುತ್ತದೆ. ಇದು ಮೇಲಿನಿಂದ ಒಂದು, ಕೆಳಗಿನಿಂದ ಒಂದು, ಇಕ್ಕಳದಲ್ಲಿ ಚಿವುಟಿದ ಹಾಗೆ ಆಳವಾಗಿ ಊರಿ, ಎಳೆದು, ಬಿಟ್ಟ ಕೊಕ್ಕಿನ ಗುರುತು. ಬಿಸಿಲಿಗೆ ಮೇಣ ಮೆತ್ತಗಾಗಿದ್ದ ಯಾವುದೋ ಮಧ್ಯಾಹ್ನ, ಅವಳ ಕಣ್ಣು ತಪ್ಪಿದಾಗ ಆದದ್ದು, ಒಳಗೆ ಧೂಳು ಕೂತಿತ್ತು. ಕಜ್ಜಾಯದ ಅಂಚು ಎಂದರೆ ಅಲ್ಲಲ್ಲಿ ಬಿರಿದೇ ಇರುತ್ತದೆ, ಅವಳಿಗೆ ಅದು ಬಿರುಕಿನ ಹಾಗೆ ಕಂಡಿರಬೇಕು. ಅದನ್ನು ಮಾಡಿದ ನನಗಲ್ಲದೆ ಇನ್ನಾರಿಗೂ ಗೊತ್ತಾಗುವ ಹಾಗಿರಲಿಲ್ಲ.

ಗಾಡಿ ನಿಲ್ಲಿಸು ಅಂದೆ. ನಿಂತಿತು. ಹಿಂದಿರುಗಿ ನೋಡಿದರೆ ಅವಳ ಹಿತ್ತಲಿನ ಹೊಂಗೆಮರ ಕಾಣುತ್ತಿತ್ತು. ಓಡಿಹೋಗಿ ಹೇಳಬೇಕು ಅನ್ನಿಸಿತು. ಏನೆಂದು ಹೇಳಲಿ? ಬಂದಿದ್ದ ಕಣೆ, ಮುನಿಸಿರಲಿಲ್ಲ, ನೀನು ಇಟ್ಟದ್ದಕ್ಕೆ ಬಾಯಿ ಹಾಕಿದ್ದ ಎನ್ನಲೇ? ಬಾಯಿ ಹಾಕಿ, ಎಳೆದು ನೋಡಿ, ತಿನ್ನಲಾಗದೆ ಬಿಟ್ಟು ಹೋದ ಎಂದೂ ಹೇಳಬೇಕಲ್ಲ.

ಗಾಡಿಯವನು ಏನಾದರೂ ಮರೆತು ಬಂದೆಯಾ ಎಂದು ಕೇಳಿದ. ಇಲ್ಲ, ಹೊಡಿ ಅಂದೆ.